ತುಂಬುತ್ತಿಲ್ಲವೋ, ಸೋರುತ್ತಿದೆಯೋ?



ಧಾರವಾಡದ ಮಾಳಮಡ್ಡಿಯಲ್ಲಿ ಲ್ಯಾಪ್‌ಟಾಪ್ ಇಲ್ಲದ ಮನೆ ಈಗ ಕಡಿಮೆ. ಕೆ.ಇ. ಬೋರ್ಡ್ ಶಾಲೆಯಲ್ಲಿ ಕಲಿತು ಈಗ ಎಂಜಿನಿಯರಿಂಗ್ ಓದುತ್ತಿರುವ ಓಣಿಯ ಮಕ್ಕಳು ಒಂದು ಕಡೆ. ರೈಲ್ವೆ ಸ್ಟೇಶನ್ನು ಹತ್ತಿರ ಎಂದು ಇಲ್ಲಿ ಖೋಲಿ ಹಿಡಿದು ಕೆ.ಎ.ಎಸ್., ಪಿ.ಎಸ್.ಐ., ಬ್ಯಾಂಕು ಪರೀಕ್ಷೆಗಳಿಗೆ ಓದುವ ಹಾವೇರಿ, ಗದಗ, ಬಾಗಲಕೋಟೆ ಕಡೆಯ ಹುಡುಗ ಹುಡುಗಿಯರು ಇನ್ನೊಂದು ಕಡೆ. ಮನೆಯಲ್ಲೇ ಕೂತು ಬೆಂಗಳೂರು, ಪುಣೆಯ ಕಂಪನಿಗಳಿಗೆ ದುಡಿಯುವವರು ಮತ್ತಷ್ಟು ಮಂದಿ. ಎಷ್ಟೋ ಮನೆಗಳಲ್ಲಿ ಈ ಯಂತ್ರ ಅಪ್ಪ ಬೆಳೆ ಮಾರಿದ ರೊಕ್ಕದಿಂದಲೋ, ಅವ್ವ ಕಟ್ಟಿದ ಚೀಟಿಯ ಹಣದಿಂದಲೋ ಬಂದದ್ದು. ಕೆಲವರಿಗೆ ಸರ್ಕಾರಿ ಪದವಿ ಕಾಲೇಜಿನಲ್ಲಿ ಓದುವಾಗ ಸರ್ಕಾರ ಕೊಟ್ಟದ್ದು. ಕೆಟ್ಟರೆ ಇನ್ನೊಂದು ತರುವುದು ಸುಲಭದ ಮಾತಲ್ಲ. ಅದಕ್ಕೇ ಇವತ್ತು ಲ್ಯಾಪ್‌ಟಾಪಿನ ಎರಡು ಸಾಮಾನ್ಯ ಬೇನೆಗಳ ಬಗ್ಗೆ ನಿಮ್ಮೊಡನೆ ಮಾತಾಡಬೇಕೆಂದಿದ್ದೇನೆ.

ಆ ಎರಡು ದೂರುಗಳನ್ನು ನೀವೂ ಕೇಳಿರುತ್ತೀರಿ. "ಚಾರ್ಜಿಗೆ ಹಚ್ಚೀನ್ರಿ, ಆದ್ರ ಏರವಲ್ದು. ಪಿನ್ನು ಸ್ವಲ್ಪ ಮ್ಯಾಲೆತ್ತಿ ಹಿಡದ್ರ ಮಾತ್ರ ಲೈಟ್ ಹತ್ತತದ." ಇದು ಒಂದು. "ರಾತ್ರಿ ನೂರು ತುಂಬಿತ್ರಿ ಕಾಕಾ, ಮುಚ್ಚಿಟ್ಟು ಮಲಗೀನಿ. ಮುಂಜಾನೆ ನೋಡಿದ್ರ ಮೂವತ್ತಕ್ಕ ಬಂದದ." ಇದು ಎರಡನೆಯದು. ಎರಡೂ ದೂರಿಗೆ ಬಹಳ ಮಂದಿ ಹುಡುಕುವ ಮದ್ದು ಒಂದೇ: ಹೊಸ ಬ್ಯಾಟರಿ. ಸಾವಿರಾರು ರೂಪಾಯಿ ಕೊಟ್ಟು ಬ್ಯಾಟರಿ ಬದಲಾಯಿಸಿ, ವಾರದ ಮೇಲೆ ಅದೇ ದೂರಿನೊಂದಿಗೆ ಮತ್ತೆ ಅಂಗಡಿಯ ಮೆಟ್ಟಿಲು ಹತ್ತಿದವರನ್ನು ಕಂಡು ನನಗೆ ಬೇಸರವಾಗಿದೆ. ಬ್ಯಾಟರಿಯದು ತಪ್ಪೇ ಇರಲಿಲ್ಲ.

ಎಷ್ಟೋ ದಿನಕ್ಕೊಮ್ಮೆ ನಲ್ಲಿ ನೀರು ಕಂಡ ಊರು ನಮ್ಮದು. ಮುಂಜಾನೆ ಎದ್ದಾಗ ಮಾಳಿಗೆಯ ಟಾಕಿ ಬರಿದಾಗಿದ್ದರೆ ಧಾರವಾಡದ ಯಾವ ಗೃಹಿಣಿಯೂ ಮೊದಲು ಟಾಕಿಯನ್ನೇ ಬದಲಾಯಿಸುವುದಿಲ್ಲ. ರಾತ್ರಿ ನೀರು ಏರಿತ್ತೋ ಇಲ್ಲವೋ, ಏರಿದ್ದು ಎಲ್ಲಾದರೂ ಸೋರಿತೋ ಎಂದು ಮೊದಲು ನೋಡುತ್ತಾಳೆ. ಲ್ಯಾಪ್‌ಟಾಪಿಗೂ ಕೇಳಬೇಕಾದ ಮೊದಲ ಪ್ರಶ್ನೆ ಅದೇ. ತುಂಬುತ್ತಿಲ್ಲವೋ, ಸೋರುತ್ತಿದೆಯೋ? ಇದಕ್ಕೆ ಉತ್ತರ ಸಿಗುವ ತನಕ ಒಂದು ರೂಪಾಯಿಯನ್ನೂ ಖರ್ಚು ಮಾಡಬೇಡಿರಿ.

ಉತ್ತರ ಕಂಡುಕೊಳ್ಳಲು ಬೇಕಾಗುವುದು ಒಂದು ಹಾಳೆ, ಒಂದು ಪೆನ್ನು, ಎರಡು ರಾತ್ರಿ. ಮೊದಲ ರಾತ್ರಿ ಬ್ಯಾಟರಿ ತುಂಬಿಸಿ, ಚಾರ್ಜರ್ ಕಿತ್ತು, ಪರದೆಯ ಮೇಲಿನ ಅಂಕಿ ಬರೆದುಕೊಳ್ಳಿರಿ. ಆಮೇಲೆ ಯಂತ್ರವನ್ನು ಪೂರ್ತಿ ಬಂದ್ ಮಾಡಿರಿ. ಪೂರ್ತಿ ಎಂದು ಒತ್ತಿ ಹೇಳುವುದಕ್ಕೆ ಕಾರಣವಿದೆ. ವಿಂಡೋಸ್‌ನಲ್ಲಿ 'ಫಾಸ್ಟ್ ಸ್ಟಾರ್ಟಪ್' ಎಂಬ ಏರ್ಪಾಡಿರುವುದರಿಂದ ನಾವು ಶಟ್‌ಡೌನ್ ಒತ್ತಿದಾಗಲೂ ಅದು ತನ್ನ ಒಳಗಿನ ಸ್ಥಿತಿಯ ಒಂದು ಪಾಲನ್ನು ಡಿಸ್ಕಿನಲ್ಲಿ ಬರೆದಿಟ್ಟುಕೊಂಡೇ ಆರುತ್ತದೆ. ಶಿಫ್ಟ್ ಕೀಲಿ ಒತ್ತಿ ಹಿಡಿದುಕೊಂಡು ಶಟ್‌ಡೌನ್ ಆರಿಸಿದರೆ ಅದು ನಿಜವಾದ ಶಟ್‌ಡೌನ್. ಮುಂಜಾನೆ ತೆರೆದು ಅಂಕಿ ಬರೆಯಿರಿ. ಎರಡನೆಯ ರಾತ್ರಿ ಹಾಗೆಯೇ ತುಂಬಿಸಿ, ಚಾರ್ಜರ್ ಕಿತ್ತು, ಈ ಸಲ ದಿನವೂ ಮಾಡುವಂತೆ ಮುಚ್ಚಳ ಮುಚ್ಚಿ ಮಲಗಿಸಿರಿ. ಮುಂಜಾನೆ ಮತ್ತೆ ಅಂಕಿ ಬರೆಯಿರಿ.

ಪೂರ್ತಿ ಬಂದ್ ಮಾಡಿದ ರಾತ್ರಿ ಒಂದೆರಡು ಅಂಕ ಮಾತ್ರ ಇಳಿದು, ಮುಚ್ಚಳ ಮುಚ್ಚಿದ ರಾತ್ರಿ ಅರವತ್ತು ಇಳಿದಿದ್ದರೆ, ಬ್ಯಾಟರಿಯ ತಂಟೆಗೆ ಹೋಗಬೇಡಿರಿ. ನಿದ್ದೆಯ ಹೆಸರಿನಲ್ಲಿ ಯಂತ್ರ ಎಚ್ಚರವಿದೆ. ಎರಡೂ ರಾತ್ರಿ ಧಾರಾಳ ಇಳಿದಿದ್ದರೆ ಬ್ಯಾಟರಿ ಅಥವಾ ಬೋರ್ಡಿನ ಮೇಲೆ ಸಂಶಯ ಪಡಬಹುದು. ಎರಡೂ ರಾತ್ರಿ ಹೆಚ್ಚು ಇಳಿಯದೆ, ಚಾರ್ಜಿಗೆ ಹಚ್ಚಿ ಮಲಗಿದ ರಾತ್ರಿಗಳಲ್ಲೇ ಮುಂಜಾನೆ ಖಾಲಿ ಕಾಣುತ್ತಿದ್ದರೆ, ಅದು ಸೋರಿಕೆಯೇ ಅಲ್ಲ. ರಾತ್ರಿಯಿಡೀ ಚಾರ್ಜ್ ಒಳಗೆ ಬಂದೇ ಇಲ್ಲ. ಪಿನ್ನು ಸಡಿಲಾಗಿ ಜಾರಿದೆ, ಯಂತ್ರ ಬ್ಯಾಟರಿಯ ಮೇಲೆ ನಡೆದಿದೆ. ಎರಡನೆಯ ದೂರು ಮೊದಲನೆಯ ದೂರಿನ ಮಗು ಆಗಿರುವ ಇಂಥ ಉದಾಹರಣೆಗಳು ಬಹಳ.

ಈಗ ಒಳಬರುವ ದಾರಿಯನ್ನು ನೋಡೋಣ. ಗೋಡೆಯಿಂದಲೇ ಶುರುಮಾಡಬೇಕು. ಮಾಳಮಡ್ಡಿಯ ಹಳೆಯ ಮನೆಗಳಲ್ಲಿ, ಬಾಡಿಗೆಯ ಖೋಲಿಗಳಲ್ಲಿ ಪ್ಲಗ್ಗಿನ ತೂತುಗಳು ಸವೆದು ಹಿಗ್ಗಿರುತ್ತವೆ. ಒಂದೇ ಎಕ್ಸ್‌ಟೆನ್ಶನ್ ಬೋರ್ಡಿಗೆ ಮೂವರು ಹುಡುಗರ ಲ್ಯಾಪ್‌ಟಾಪು, ಮೊಬೈಲು, ಟೇಬಲ್ ಫ್ಯಾನು ನೇತಾಡುತ್ತಿರುತ್ತವೆ. ಬೇರೆ ಪ್ಲಗ್ಗಿಗೆ, ಸಾಧ್ಯವಾದರೆ ಬೇರೆ ಮನೆಯ ಪ್ಲಗ್ಗಿಗೆ ಹಚ್ಚಿ ನೋಡಿರಿ. ಲೋಹದ ಮೈಯ ಲ್ಯಾಪ್‌ಟಾಪನ್ನು ಚಾರ್ಜಿಗೆ ಹಚ್ಚಿದಾಗ ಅಂಗೈಗೆ ಜುಮ್ಮೆನ್ನುತ್ತದೆ ಎಂದು ಕೆಲವರು ಹೇಳುತ್ತಾರೆ. ಅಡಾಪ್ಟರಿನೊಳಗೆ ವಿದ್ಯುತ್ತಿನ ಗದ್ದಲವನ್ನು ತಡೆಯಲು ಇಟ್ಟ ಕೆಪಾಸಿಟರಿನ ಮೂಲಕ ತೀರ ಸಣ್ಣ ಪ್ರವಾಹ ಹಾಯುತ್ತಿರುತ್ತದೆ, ಅರ್ಥಿಂಗ್ ಇಲ್ಲದಿದ್ದರೆ ಅದು ನಮ್ಮ ಮೈಯ ಮೂಲಕ ನೆಲಕ್ಕೆ ಇಳಿಯುತ್ತದೆ. ಆ ಪ್ರಮಾಣದಲ್ಲಿ ಅಪಾಯವಿಲ್ಲ, ಆದರೆ ನಿಮ್ಮ ಪ್ಲಗ್ಗಿಗೆ ಅರ್ಥಿಂಗ್ ಇಲ್ಲವೆಂಬ ಸುದ್ದಿಯನ್ನು ಅದು ಕೊಡುತ್ತಿದೆ. ಮೂರು ಪಿನ್ನಿನ ಪ್ಲಗ್ಗಿನ ದಪ್ಪ ಪಿನ್ನು ಮುರಿದು ಎರಡು ಪಿನ್ನಿನ ಸಾಕೆಟ್ಟಿಗೆ ತುರುಕುವ ಪದ್ಧತಿಯನ್ನು ದಯವಿಟ್ಟು ಬಿಡಿರಿ. ಮನೆಯ ಮಾಲಕರಿಗೆ ಹೇಳಿ ಎಲೆಕ್ಟ್ರಿಶಿಯನ್ನರನ್ನು ಕರೆಸಿರಿ. ಏಪ್ರಿಲ್, ಮೇ ತಿಂಗಳಲ್ಲಿ ಗುಡುಗು ಮಿಂಚಿನ ಮಳೆ ಬಂದಾಗ ಚಾರ್ಜರನ್ನು ಗೋಡೆಯಿಂದ ಕಿತ್ತಿಡುವುದೂ ಒಳ್ಳೆಯದು. ಮಿಂಚಿನ ಹೊಡೆತಕ್ಕೆ ಅಡಾಪ್ಟರಷ್ಟೇ ಅಲ್ಲ, ಬೋರ್ಡಿನ ಮೇಲಿನ ಚಾರ್ಜಿಂಗ್ ಐ.ಸಿ.ಯೂ ಸುಡಬಹುದು.

ಆಮೇಲೆ ಅಡಾಪ್ಟರು. ಅದರ ಬೆನ್ನ ಮೇಲಿನ ಸಣ್ಣ ಅಕ್ಷರಗಳನ್ನು ಓದಿರಿ. ಔಟ್‌ಪುಟ್ ಎಂಬಲ್ಲಿ 19.5 ವೋಲ್ಟ್, 3.33 ಆಂಪಿಯರ್ ಎಂದಿದ್ದರೆ ಎರಡನ್ನೂ ಗುಣಿಸಿರಿ, 65 ವ್ಯಾಟ್ ಆಯಿತು. 2.31 ಆಂಪಿಯರ್ ಎಂದಿದ್ದರೆ 45 ವ್ಯಾಟ್. 65 ವ್ಯಾಟ್ ಬೇಡುವ ಯಂತ್ರಕ್ಕೆ ಗೆಳೆಯನ 45 ವ್ಯಾಟಿನ ಚಾರ್ಜರ್ ಹಚ್ಚಿದರೆ ಚಾರ್ಜ್ ನಿಧಾನವಾಗುತ್ತದೆ, ಭಾರದ ಕೆಲಸ ಮಾಡುವಾಗ ಹಚ್ಚಿದ್ದಾಗಲೇ ಇಳಿಯಲೂಬಹುದು. ಬದಲಿ ಚಾರ್ಜರ್ ಕೊಳ್ಳುವಾಗ ವೋಲ್ಟು ಅದೇ ಇರಬೇಕು, ಆಂಪಿಯರು ಅಷ್ಟೇ ಅಥವಾ ಅದಕ್ಕಿಂತ ಹೆಚ್ಚಿರಬೇಕು, ಪಿನ್ನಿನ ಅಳತೆ ಸರಿಯಾಗಿ ಕೂಡಬೇಕು.

ಡೆಲ್, ಎಚ್‌.ಪಿ. ಕಂಪನಿಗಳ ದುಂಡು ಪಿನ್ನಿನ ನಟ್ಟನಡುವೆ ಒಂದು ತೆಳುವಾದ ಸೂಜಿ ಇರುವುದನ್ನು ನೋಡಿದ್ದೀರಾ? ಅದರಲ್ಲಿ ಬ್ಯಾಟರಿಗೆ ಹೋಗುವ ವಿದ್ಯುತ್ತು ಹರಿಯುವುದಿಲ್ಲ. 'ನಾನು ಇಷ್ಟು ವ್ಯಾಟಿನ ಅಡಾಪ್ಟರು' ಎಂಬ ಪರಿಚಯವನ್ನು ಯಂತ್ರಕ್ಕೆ ಹೇಳುವ ದಾರಿ ಅದು. ಡೆಲ್ ಅಡಾಪ್ಟರಿನಲ್ಲಿ ಇದಕ್ಕಾಗಿಯೇ ಒಂದು ಪುಟ್ಟ ಚಿಪ್ಪು ಇರುತ್ತದೆ. ಆ ಸೂಜಿ ಬಾಗಿದರೆ, ಮುರಿದರೆ, ಪರಿಚಯ ಹೇಳುವ ತಂತಿ ಒಳಗೆ ತುಂಡಾದರೆ, ಯಂತ್ರ ಚಾರ್ಜರಿನ ಮೇಲೆಯೇ ನಡೆಯುತ್ತದೆ, ಆದರೆ ಬ್ಯಾಟರಿಗೆ ಚಾರ್ಜ್ ಬಿಡುವುದಿಲ್ಲ, ವೇಗವನ್ನೂ ತಗ್ಗಿಸಿಕೊಳ್ಳುತ್ತದೆ. ಅಡಾಪ್ಟರಿನ ಬಗೆ ತಿಳಿಯುತ್ತಿಲ್ಲ ಎಂದು ಶುರುವಾಗುವಾಗಲೇ ಪರದೆಯ ಮೇಲೆ ಬರೆದೂ ತೋರಿಸುತ್ತದೆ. ಆ ಸಾಲನ್ನು ಓದದೆ ಕೀಲಿ ಒತ್ತಿ ಮುಂದೆ ಹೋಗುವವರೇ ಹೆಚ್ಚು. ಇದೇ ಮಾದರಿಯ ಇನ್ನೊಂದು ಒಳ್ಳೆಯ ಅಡಾಪ್ಟರ್ ಹಚ್ಚಿ ನೋಡಿದರೆ ಕೆಲಸ ಅಲ್ಲಿಗೇ ಮುಗಿಯಬಹುದು.

ಇತ್ತೀಚಿನ ಯಂತ್ರಗಳಲ್ಲಿ ದುಂಡು ಪಿನ್ನಿನ ಜಾಗಕ್ಕೆ ಟೈಪ್-ಸಿ ಬಂದಿದೆ. ಇದರ ಮೊದಲ ವಿವರಣೆ ಹೊರಬಂದದ್ದು 2014ರಲ್ಲಿ. ಯುರೋಪಿನ ಒಕ್ಕೂಟ ಹೊಸ ಮೊಬೈಲುಗಳಿಗೆ 2024ರ ಡಿಸೆಂಬರ್ 28ರಿಂದ, ಲ್ಯಾಪ್‌ಟಾಪುಗಳಿಗೆ 2026ರ ಏಪ್ರಿಲ್ 28ರಿಂದ ಇದನ್ನೇ ಕಡ್ಡಾಯ ಮಾಡುವ ಕಾನೂನು ತಂದಿತು. ಎಲ್ಲಕ್ಕೂ ಒಂದೇ ವೈರು ಎಂಬುದು ದೊಡ್ಡ ಉಪಕಾರ. ಆದರೆ ಈ ಪುಟ್ಟ ಬಾಯಿಯೊಳಗೆ 24 ಸಂಪರ್ಕಗಳಿವೆ. ಹಚ್ಚಿದ ಕೂಡಲೇ ಇದರಲ್ಲಿ ಪೂರ್ತಿ ವೋಲ್ಟೇಜು ಬರುವುದಿಲ್ಲ. ಚಾರ್ಜರೂ ಯಂತ್ರವೂ ಮೊದಲು ಮಾತಾಡಿಕೊಳ್ಳುತ್ತವೆ. 5 ವೋಲ್ಟಿನಿಂದ ಶುರುವಾಗಿ 9, 15, 20 ವೋಲ್ಟಿನಲ್ಲಿ ಯಾವುದು ಬೇಕೆಂದು ಒಪ್ಪಂದವಾದ ಮೇಲೆಯೇ ಚಾರ್ಜು ಏರುತ್ತದೆ. ಆ ಮಾತುಕತೆಯ ಸಂಪರ್ಕಕ್ಕೆ ಒಂದು ಎಳೆ ಅರಿವೆಯ ನೂಲು, ಒಂದು ಹನಿ ತೇವ ಅಡ್ಡ ಬಂದರೂ ಸಾಕು, 5 ವೋಲ್ಟಿಗೇ ನಿಂತುಬಿಡುತ್ತದೆ, ಇಲ್ಲವೆ ಏನೂ ಆಗುವುದಿಲ್ಲ. ಮೊಬೈಲಿನ ಚಾರ್ಜರ್ ಹಚ್ಚಿ 'ಪೋರ್ಟ್ ಹೋಯಿತು' ಎನ್ನುವವರಿದ್ದಾರೆ, ಅದಕ್ಕೆ 20 ವೋಲ್ಟ್ ಕೊಡುವ ತಾಕತ್ತೇ ಇರದಿರಬಹುದು. ವೈರಿನಲ್ಲೂ ಭೇದವಿದೆ. ಸಾಮಾನ್ಯ ಟೈಪ್-ಸಿ ವೈರು 3 ಆಂಪಿಯರ್, ಅಂದರೆ 60 ವ್ಯಾಟ್ ತನಕ ಒಯ್ಯುತ್ತದೆ. 5 ಆಂಪಿಯರಿನ ವೈರಿನ ತುದಿಯಲ್ಲಿ ಗುರುತಿನ ಚಿಪ್ಪು ಇರಬೇಕು. ಎರಡು ಪೋರ್ಟುಗಳಿರುವ ಕೆಲವು ಯಂತ್ರಗಳಲ್ಲಿ ಒಂದರಿಂದ ಮಾತ್ರ ಚಾರ್ಜ್ ಆಗುತ್ತದೆ. ಇನ್ನೊಂದು ಪೋರ್ಟಿಗೆ ಹಚ್ಚಿ ನೋಡುವುದು ಬಿಟ್ಟಿ ಪರೀಕ್ಷೆ, ಮರೆಯಬೇಡಿರಿ.

ಧಾರವಾಡದ ಧೂಳಿನ ಬಗ್ಗೆ ನಿಮಗೆ ಬೇರೆ ಹೇಳಬೇಕಾಗಿಲ್ಲ. ಬೇಸಿಗೆಯ ಕೆಂಪು ಧೂಳು, ಮಳೆಗಾಲದ ತಿಂಗಳುಗಟ್ಟಲೆ ಥಂಡಿ, ಚೀಲದೊಳಗಿನ ಅರಿವೆಯ ನೂಲು, ಈ ಮೂರೂ ಸೇರಿ ಪೋರ್ಟಿನ ತಳದಲ್ಲಿ ಗಟ್ಟಿಯಾಗಿ ಕೂಡುತ್ತವೆ. ಪಿನ್ನು ಪೂರ್ತಿ ಒಳಹೋಗದೆ ಕೂದಲೆಳೆಯಷ್ಟು ಹೊರಗೇ ನಿಂತರೂ ಸಂಪರ್ಕ ತಪ್ಪುತ್ತದೆ. ಮೊಬೈಲಿನ ಟಾರ್ಚು ಹಿಡಿದು ಒಳಗೆ ನೋಡಿರಿ. ಕಸ ಕಂಡರೆ ಯಂತ್ರ ಪೂರ್ತಿ ಬಂದ್ ಮಾಡಿ, ಚಾರ್ಜರ್ ಕಿತ್ತು, ಮರದ ಹಲ್ಲುಕಡ್ಡಿಯಿಂದ ಮೆಲ್ಲಗೆ ಎಬ್ಬಿಸಿ ತೆಗೆಯಿರಿ. ಗುಂಡುಪಿನ್ನು, ಸೂಜಿ, ಕೂದಲಿನ ಕ್ಲಿಪ್ಪು ಒಳಗೆ ಹೋಗಕೂಡದು. ಬ್ಯಾಟರಿ ಒಳಗೇ ಇರುವುದರಿಂದ ಲೋಹ ತಾಗಿ ಶಾರ್ಟ್ ಆಗುವ ಸಂಭವವಿದೆ. ಬಾಯಿಂದ ಊದಲೂ ಬೇಡಿರಿ, ಉಸಿರಿನ ತೇವವೇ ಸಾಕು. ಹಸಿರು ಅಥವಾ ಬಿಳಿ ಬೂಸಲಿನಂಥದು ಕಂಡರೆ ಅದು ತೇವದಿಂದ ಲೋಹ ತಿಂದುಹೋದ ಗುರುತು, ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ತೊಳೆಯುವ ಕೆಲಸ ಬಲ್ಲವರಿಗೆ ಬಿಡಿರಿ. ಮಳೆಯಲ್ಲಿ ತೋಯ್ದ ಪೋರ್ಟಿಗೆ ಒಣಗುವ ಮುಂಚೆ ಚಾರ್ಜರ್ ಹಚ್ಚಿದರೆ ಈ ತಿನ್ನುವಿಕೆ ಬಹಳ ಬೇಗ ನಡೆಯುತ್ತದೆ. ಪಿನ್ನಿನ ತುದಿ ಕಂದಾಗಿದ್ದರೆ, ಪ್ಲಾಸ್ಟಿಕ್ಕು ಸುಟ್ಟ ವಾಸನೆ ಬಂದರೆ ಆ ಚಾರ್ಜರನ್ನು ಮತ್ತೊಮ್ಮೆ ಹಚ್ಚಿ ನೋಡುವ ಸಾಹಸ ಬೇಡ.

ಪಿನ್ನು ಮೇಲೆತ್ತಿ ಹಿಡಿದರೆ ಮಾತ್ರ ಚಾರ್ಜ್ ಆಗುತ್ತದೆ ಎಂಬ ಯಂತ್ರಗಳಲ್ಲಿ ಜಾಕಿನ ಬೆಸುಗೆ ಬಿಟ್ಟಿರುತ್ತದೆ, ಅಥವಾ ಒಳಗಿನ ಹಿಡಿತದ ಪಟ್ಟಿ ಸಡಿಲಾಗಿರುತ್ತದೆ. ಹಾಸಿಗೆಯ ಮೇಲೆ ಮಲಗಿಕೊಂಡು, ಚಾರ್ಜರ್ ಹಚ್ಚಿದ ಲ್ಯಾಪ್‌ಟಾಪನ್ನು ಹೊಟ್ಟೆಯ ಮೇಲಿಟ್ಟುಕೊಂಡು ಓದುವಾಗ ಪಿನ್ನಿನ ಮೇಲೆ ಬೀಳುವ ಭಾರವೇ ಇದಕ್ಕೆ ಬಹುಮಟ್ಟಿಗೆ ಕಾರಣ. ವೈರಿಗೆ ಕಾಲು ತೊಡರಿದಾಗಲೂ ಏಟು ಬೀಳುವುದು ಜಾಕಿಗೇ. ಆಪಲ್ ಕಂಪನಿ 2006ರಲ್ಲಿ ತನ್ನ ಲ್ಯಾಪ್‌ಟಾಪುಗಳಿಗೆ ಆಯಸ್ಕಾಂತದಿಂದ ಅಂಟಿ, ಎಳೆದರೆ ತಾನೇ ಬಿಟ್ಟುಕೊಳ್ಳುವ ಪಿನ್ನು ಕೊಟ್ಟದ್ದು ಇದೇ ತೊಂದರೆಗೆ. ನಡುವೆ ಅದನ್ನು ಕೈಬಿಟ್ಟಿತು, 2021ರಲ್ಲಿ ಮತ್ತೆ ತಂದಿತು. ಉಳಿದ ಯಂತ್ರಗಳವರು ತಾವೇ ಎಚ್ಚರ ವಹಿಸಬೇಕು.

ಅಂಗಡಿಗೆ ಹೋದಾಗ ಒಂದು ಪ್ರಶ್ನೆ ಕೇಳಿರಿ: ಈ ಮಾದರಿಯಲ್ಲಿ ಜಾಕು ಬೇರೆ ವೈರಿನ ಮೇಲಿದೆಯೋ, ಮುಖ್ಯ ಬೋರ್ಡಿಗೇ ಬೆಸೆದಿದೆಯೋ? ವೈರಿನ ಮೇಲಿದ್ದರೆ ಹಳೆಯದನ್ನು ಕಿತ್ತು ಹೊಸದನ್ನು ಸಿಕ್ಕಿಸುವ ಕೆಲಸ, ಸೋವಿಯಲ್ಲಿ ಆಗುತ್ತದೆ. ಬೋರ್ಡಿಗೇ ಬೆಸೆದಿದ್ದರೆ, ಅದರಲ್ಲೂ ಟೈಪ್-ಸಿ ಆಗಿದ್ದರೆ, ಬಿಸಿಗಾಳಿಯ ಯಂತ್ರ, ಸೂಕ್ಷ್ಮದರ್ಶಕ, ಪಳಗಿದ ಕೈ ಬೇಕು. ಆದರೂ ಪೋರ್ಟ್ ಕೆಟ್ಟಿತೆಂದು ಇಡೀ ಮದರ್‌ಬೋರ್ಡು ಬದಲಾಯಿಸಬೇಕೆಂದವರ ಮಾತನ್ನು ಕೂಡಲೇ ಒಪ್ಪಬೇಡಿರಿ. ಬೋರ್ಡಿನ ಮೇಲೆ ಬಿಡಿಭಾಗ ಬದಲಾಯಿಸಬಲ್ಲ ಒಳ್ಳೆಯ ಕುಶಲಕರ್ಮಿಗಳು ಹುಬ್ಬಳ್ಳಿ-ಧಾರವಾಡದಲ್ಲಿ ಇದ್ದಾರೆ, ಇನ್ನೊಬ್ಬರಿಗೆ ತೋರಿಸಿರಿ.

ಕೆಟ್ಟಿರದೆಯೂ ಚಾರ್ಜ್ ನಿಲ್ಲುವುದುಂಟು. ಬ್ಯಾಟರಿಯ ಬಾಳಿಕೆಗಾಗಿ ಶೇಕಡಾ 60ಕ್ಕೋ 80ಕ್ಕೋ ನಿಲ್ಲಿಸುವ ವ್ಯವಸ್ಥೆ ಈಗಿನ ಬಹುತೇಕ ಲ್ಯಾಪ್‌ಟಾಪುಗಳಲ್ಲಿದೆ. 80ಕ್ಕೆ ಬಂದು 'ಹಚ್ಚಿದೆ, ಚಾರ್ಜ್ ಆಗುತ್ತಿಲ್ಲ' ಎಂದು ತೋರಿಸಿದರೆ ಕಂಪನಿಯ ತಂತ್ರಾಂಶ ತೆರೆದು ನೋಡಿರಿ. ಬ್ಯಾಟರಿ ವಿಪರೀತ ಬಿಸಿಯಾದಾಗಲೂ ಯಂತ್ರ ಚಾರ್ಜ್ ತಡೆಹಿಡಿಯುತ್ತದೆ, ಮೇ ತಿಂಗಳ ಮಧ್ಯಾಹ್ನ ಹಾಸಿಗೆಯ ಮೇಲಿಟ್ಟರೆ ಗಾಳಿ ಆಡುವ ಕಿಂಡಿಗಳೆಲ್ಲ ಮುಚ್ಚಿಹೋಗುತ್ತವೆ. ಚಾರ್ಜರ್ ಕಿತ್ತು, ಯಂತ್ರ ಬಂದ್ ಮಾಡಿ, ಪವರ್ ಬಟನ್ನನ್ನು ಅರ್ಧ ನಿಮಿಷ ಒತ್ತಿ ಹಿಡಿದರೆ ಚಾರ್ಜಿಂಗ್ ನೋಡಿಕೊಳ್ಳುವ ಚಿಪ್ಪು ಹೊಸದಾಗಿ ಶುರುವಾಗಿ ಸರಿಹೋದದ್ದೂ ಇದೆ. ಇನ್ನು ಕೆಲವೊಮ್ಮೆ ತಪ್ಪು ತಯಾರಕರ ಕಡೆಯದೇ ಇರುತ್ತದೆ. ಲೆನೊವೊ ಕಂಪನಿಯ 2017ರಿಂದ 2019ರ ನಡುವಿನ ಹಲವು ಥಿಂಕ್‌ಪ್ಯಾಡ್ ಮಾದರಿಗಳಲ್ಲಿ ಥಂಡರ್‌ಬೋಲ್ಟ್ ಚಿಪ್ಪಿನೊಳಗಿನ ತಂತ್ರಾಂಶದ, ಅಂದರೆ ಫರ್ಮ್‌ವೇರಿನ ದೋಷದಿಂದ ಟೈಪ್-ಸಿ ಪೋರ್ಟು ಕೆಲಸ ನಿಲ್ಲಿಸುವಂತಿತ್ತು. ಕಂಪನಿಯೇ ಅದನ್ನು ಒಪ್ಪಿ ತಿದ್ದುಪಡಿಯ ಫರ್ಮ್‌ವೇರ್ ಬಿಡುಗಡೆ ಮಾಡಿತು. ನಮ್ಮಲ್ಲಿ ಹಳೆಯ ಥಿಂಕ್‌ಪ್ಯಾಡುಗಳನ್ನು ಸೆಕೆಂಡ್‌ಹ್ಯಾಂಡಿನಲ್ಲಿ ಕೊಳ್ಳುವ ವಿದ್ಯಾರ್ಥಿಗಳು ಬಹಳ, ಕೊಂಡ ದಿನವೇ ಆ ತಿದ್ದುಪಡಿ ಹಾಕಿದೆಯೇ ಎಂದು ಪರೀಕ್ಷಿಸಿಕೊಳ್ಳಿರಿ. ಪೋರ್ಟು ಸತ್ತ ಮೇಲೆ ಫರ್ಮ್‌ವೇರ್ ಹಾಕಿ ಪ್ರಯೋಜನವಿರುವುದಿಲ್ಲ.

ಇನ್ನು ರಾತ್ರಿಯ ಸೋರಿಕೆ. ಈ ಮಾತನ್ನು ನೀವು ಕೇಳುತ್ತಿರುವ ಧಾರವಾಡ ಆಕಾಶವಾಣಿ 1950ರ ಜನವರಿ 8ರಂದು ಶುರುವಾಯಿತು. ಆಮೇಲಿನ ವರ್ಷಗಳಲ್ಲಿ ಮನೆಮನೆಗೆ ಬಂದ ಟ್ರಾನ್ಸಿಸ್ಟರಿನ ಗುಂಡಿಯನ್ನು ಟಕ್ ಎಂದು ತಿರುಗಿಸಿದರೆ ಸೆಲ್ಲಿನ ಸಂಪರ್ಕವೇ ಕಡಿದುಹೋಗುತ್ತಿತ್ತು. ಲ್ಯಾಪ್‌ಟಾಪಿನ ಗುಂಡಿ ಹಾಗಲ್ಲ. ಅದು ಬ್ಯಾಟರಿಯ ಸಂಪರ್ಕ ಕಡಿಯುವುದಿಲ್ಲ, 'ಮಲಗು' ಎಂದು ಯಂತ್ರಕ್ಕೆ ಹೇಳಿಕಳಿಸುತ್ತದೆ ಅಷ್ಟೆ. ಯಂತ್ರ ಮಾತು ಕೇಳಿತೋ ಇಲ್ಲವೋ ಎಂಬುದು ಬೇರೆ ಸಂಗತಿ.

ಹಳೆಯ ಲ್ಯಾಪ್‌ಟಾಪುಗಳಲ್ಲಿ ನಿದ್ದೆ ಎಂದರೆ ಮೆಮೊರಿ ಒಂದನ್ನು ಬಿಟ್ಟು ಉಳಿದದ್ದೆಲ್ಲ ಆರಿದಂತೆ. ಎಂಜಿನಿಯರರು ಇದನ್ನು ಎಸ್-3 ಎನ್ನುತ್ತಾರೆ. 2012ರಲ್ಲಿ ವಿಂಡೋಸ್ 8ರೊಂದಿಗೆ ಮೈಕ್ರೋಸಾಫ್ಟ್ ಬೇರೊಂದು ಬಗೆಯ ನಿದ್ದೆಯನ್ನು ತಂದಿತು. ಮೊಬೈಲಿನ ಹಾಗೆ ಪರದೆ ಆರಿದ್ದರೂ ಒಳಗೆ ಜೀವಂತವಾಗಿದ್ದು, ಮುಚ್ಚಳ ತೆರೆದ ಕ್ಷಣ ಎಚ್ಚರವಾಗುವ ನಿದ್ದೆ ಅದು. ವಿಂಡೋಸ್ 10ರಲ್ಲಿ ಇದಕ್ಕೆ 'ಮಾಡರ್ನ್ ಸ್ಟ್ಯಾಂಡ್‌ಬೈ' ಎಂದು ಹೆಸರಾಯಿತು. ಈಗಿನ ಹೊಸ ಯಂತ್ರಗಳಲ್ಲಿ ಬಹುತೇಕ ಇದೊಂದೇ ನಿದ್ದೆ, ಹಳೆಯ ಎಸ್-3 ಇಲ್ಲವೇ ಇಲ್ಲ. ಎಲ್ಲ ಭಾಗಗಳೂ ಶಿಸ್ತಾಗಿ ಮಲಗಿದರೆ ಇದರಿಂದ ತೊಂದರೆಯಿಲ್ಲ. ಆದರೆ ವೈಫೈ ಡ್ರೈವರ್ ಒಂದು ಹಟ ಹಿಡಿದರೆ, ವಿಂಡೋಸ್ ಅಪ್‌ಡೇಟ್ ನಡುರಾತ್ರಿ ಎದ್ದರೆ, ಯು.ಎಸ್‌.ಬಿ.ಗೆ ಚುಚ್ಚಿದ ಮೌಸಿನ ರಿಸೀವರ್ ಕೆದಕುತ್ತಿದ್ದರೆ, ಯಂತ್ರ ಅರೆನಿದ್ದೆಯಲ್ಲೇ ರಾತ್ರಿ ಕಳೆಯುತ್ತದೆ.

ಲೆಕ್ಕ ಹಾಕಿದರೆ ಇದು ಸ್ಪಷ್ಟವಾಗುತ್ತದೆ. ನಿಮ್ಮ ಬ್ಯಾಟರಿ 50 ವ್ಯಾಟ್-ಗಂಟೆಯದು ಎನ್ನಿರಿ. ರಾತ್ರಿ ಹತ್ತಕ್ಕೆ ಮುಚ್ಚಿ ಮುಂಜಾನೆ ಎಂಟಕ್ಕೆ ತೆರೆದಿರಿ, ಹತ್ತು ತಾಸು. ನಿದ್ದೆಯಲ್ಲಿ ಯಂತ್ರ ಅರ್ಧ ವ್ಯಾಟ್ ಬಳಸಿದರೆ 5 ವ್ಯಾಟ್-ಗಂಟೆ, ಶೇಕಡಾ 10 ಇಳಿಯಿತು. ಇಷ್ಟು ಸಹಜ. ಶೇಕಡಾ 40 ಇಳಿದಿದ್ದರೆ 20 ವ್ಯಾಟ್-ಗಂಟೆ ಹೋಯಿತು, ಸರಾಸರಿ 2 ವ್ಯಾಟ್ ಬಿತ್ತು. ನಿಜವಾಗಿ ಮಲಗಿದ ಯಂತ್ರ ಇಷ್ಟು ತಿನ್ನುವುದಿಲ್ಲ. ಶೇಕಡಾ 100ರಿಂದ ಸೊನ್ನೆಗೆ ಬಂದಿದ್ದರೆ ಅದು 5 ವ್ಯಾಟ್, ಪರದೆ ಆರಿಸಿ ಯಂತ್ರವನ್ನು ಎಚ್ಚರವಾಗಿಯೇ ಬಿಟ್ಟಂತೆ. ನೀವು ಬರೆದಿಟ್ಟ ಅಂಕಿಗಳಿಗೆ ಈ ಲೆಕ್ಕ ಹಚ್ಚಿದರೆ ಒಳಗೆ ಏನು ನಡೆದಿದೆ ಎಂಬ ಅಂದಾಜು ಸಿಕ್ಕೇ ಸಿಗುತ್ತದೆ.

ಯಾರು ಎಚ್ಚರವಿದ್ದರು ಎಂಬ ಹೆಸರನ್ನೂ ಯಂತ್ರವೇ ಹೇಳುತ್ತದೆ. ವಿಂಡೋಸ್‌ನ ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆಯಿರಿ. ಪವರ್ ಎಂಬ ಪದದ ಬೆನ್ನಿಗೇ ಸಿ, ಎಫ್, ಜಿ ಅಕ್ಷರಗಳನ್ನು ಜೋಡಿಸಿ, ಒಂದು ಜಾಗ ಬಿಟ್ಟು, ಓರೆಗೆರೆ ಹಾಕಿ, ಸ್ಲೀಪ್‌ಸ್ಟಡಿ ಎಂದು ಒಂದೇ ಪದವಾಗಿ ಬರೆದು ಎಂಟರ್ ಒತ್ತಿರಿ. ಮಾಡರ್ನ್ ಸ್ಟ್ಯಾಂಡ್‌ಬೈ ಇರುವ ಯಂತ್ರ ಕಳೆದ ಕೆಲವು ರಾತ್ರಿಗಳ ವರದಿಯನ್ನು ಬರೆದುಕೊಡುತ್ತದೆ. ಯಾವ ಹೊತ್ತಿಗೆ ಮಲಗಿತು, ಎಷ್ಟು ಇಳಿಯಿತು, ಯಾವ ಭಾಗ ಮಲಗಗೊಡಲಿಲ್ಲ ಎಂಬುದೆಲ್ಲ ಅದರಲ್ಲಿದೆ. ಸ್ಲೀಪ್‌ಸ್ಟಡಿಯ ಬದಲು ಬ್ಯಾಟರಿರಿಪೋರ್ಟ್ ಎಂದು ಬರೆದರೆ ಬ್ಯಾಟರಿಯ ಜಾತಕ ಬರುತ್ತದೆ. ಅದರಲ್ಲಿ ಎರಡು ಅಂಕಿಗಳನ್ನು ನೋಡಿರಿ. ಹೊಸದಿದ್ದಾಗಿನ ಸಾಮರ್ಥ್ಯ ಒಂದು, ಈಗ ಪೂರ್ತಿ ತುಂಬಿದಾಗಿನ ಸಾಮರ್ಥ್ಯ ಇನ್ನೊಂದು. 50 ಇದ್ದದ್ದು 45 ಆಗಿದ್ದರೆ ಬ್ಯಾಟರಿ ಗಟ್ಟಿಯಿದೆ. 25ಕ್ಕೆ ಬಂದಿದ್ದರೆ, ನೂರು ಎಂದು ತೋರಿಸಿದರೂ ನಿಮ್ಮ ಹತ್ತಿರ ಇರುವುದು ಅರ್ಧವೇ. ಹೊಸ ಬ್ಯಾಟರಿಗೆ ರೊಕ್ಕ ಹಾಕಲು ಅದು ಸಕಾರಣ. ನನ್ನ ಅಭಿಪ್ರಾಯದಲ್ಲಿ ಈ ಎರಡು ಅಂಕಿಗಳನ್ನು ನೋಡದೆ ಯಾರೂ ಬ್ಯಾಟರಿ ಬದಲಾಯಿಸಬಾರದು, ಯಾವ ಅಂಗಡಿಯವರೂ ಬದಲಾಯಿಸಿ ಕೊಡಬಾರದು.

ಸೋರಿಕೆಗೆ ನಾನು ಹೇಳುವ ಉಪಾಯ ಸರಳ. ರಾತ್ರಿ ಮುಚ್ಚಿಡುವಾಗ ಸ್ಲೀಪ್ ಬೇಡ, ಹೈಬರ್ನೇಟ್ ಇರಲಿ. ಹೈಬರ್ನೇಟಿನಲ್ಲಿ ಮೆಮೊರಿಯಲ್ಲಿದ್ದದ್ದನ್ನೆಲ್ಲ ಡಿಸ್ಕಿಗೆ ಬರೆದಿಟ್ಟು ಯಂತ್ರ ಆರುತ್ತದೆ, ಮುಂಜಾನೆ ನೀವು ಬಿಟ್ಟ ಪುಟದಲ್ಲೇ ತೆರೆದುಕೊಳ್ಳುತ್ತದೆ, ಏಳಲು ಕೆಲವು ಕ್ಷಣ ಹೆಚ್ಚು ಬೇಕು ಅಷ್ಟೆ. ಎಷ್ಟೋ ಯಂತ್ರಗಳಲ್ಲಿ ಇದು ಪಟ್ಟಿಯಲ್ಲಿ ಕಾಣುವುದಿಲ್ಲ. ಕಂಟ್ರೋಲ್ ಪ್ಯಾನೆಲ್ಲಿನ ಪವರ್ ಆಪ್ಶನ್ಸ್ ಒಳಗೆ ಪವರ್ ಬಟನ್ ಏನು ಮಾಡಬೇಕೆಂದು ಆರಿಸುವ ಜಾಗದಲ್ಲಿ ಅದನ್ನು ಸೇರಿಸಬಹುದು, ಮುಚ್ಚಳ ಮುಚ್ಚಿದರೆ ಹೈಬರ್ನೇಟ್ ಆಗಬೇಕೆಂದೂ ಅಲ್ಲಿಯೇ ಹೇಳಬಹುದು. ಲ್ಯಾಪ್‌ಟಾಪು ಹೆಗಲಿಗೇರಿಸಿ ಚಿಗರಿ ಬಸ್ಸಿನಲ್ಲಿ ದಿನಾ ಹುಬ್ಬಳ್ಳಿಗೆ ಓಡಾಡುವವರಿಗೆ ಇದು ಇನ್ನೂ ಮುಖ್ಯ. ಅರೆನಿದ್ದೆಯ ಯಂತ್ರ ಚೀಲದೊಳಗೆ ಎಚ್ಚರಗೊಂಡರೆ ಗಾಳಿಯಿಲ್ಲದೆ ಕಾದು ಕೆಂಡವಾಗುತ್ತದೆ, ಇಳಿಯುವ ಹೊತ್ತಿಗೆ ಬ್ಯಾಟರಿಯೂ ಖಾಲಿ.

ಪೂರ್ತಿ ಬಂದ್ ಮಾಡಿದರೂ ಇಳಿಯುವ ಯಂತ್ರಗಳಲ್ಲಿ ಬಯಾಸ್, ಅಂದರೆ ವಿಂಡೋಸಿಗಿಂತ ಮೊದಲು ಏಳುವ ಮೂಲ ಸೆಟ್ಟಿಂಗುಗಳ ಪುಟ ನೋಡಿರಿ. ಯಂತ್ರ ಆರಿದ್ದಾಗಲೂ ಯು.ಎಸ್‌.ಬಿ.ಯಿಂದ ಮೊಬೈಲು ಚಾರ್ಜ್ ಮಾಡುವ ಸೌಲಭ್ಯ, ನೆಟ್‌ವರ್ಕಿನ ಕರೆಗೆ ಏಳುವ ಸೌಲಭ್ಯ ಅಲ್ಲಿರುತ್ತವೆ, ಎರಡನ್ನೂ ಬಂದ್ ಮಾಡಿ ಮತ್ತೊಂದು ರಾತ್ರಿ ಪರೀಕ್ಷಿಸಿರಿ. ಅದಕ್ಕೂ ಬಗ್ಗದಿದ್ದರೆ ಬೋರ್ಡಿನ ಯಾವುದೋ ಭಾಗ ವಿದ್ಯುತ್ತು ಕುಡಿಯುತ್ತಿದೆ, ಮೀಟರ್ ಹಿಡಿದು ಹುಡುಕಬಲ್ಲವರ ಕೈಗೆ ಕೊಡಬೇಕು. ಬ್ಯಾಟರಿ ತಾನಾಗಿ ಸೋರುವುದು ತಿಂಗಳಿಗೆ ಕೆಲವೇ ಅಂಕ, ಒಂದು ರಾತ್ರಿಯಲ್ಲಿ ಅಲ್ಲ.

ಈ ಲಿಥಿಯಂ ಅಯಾನ್ ಬ್ಯಾಟರಿಯನ್ನು ಸೋನಿ ಕಂಪನಿ 1991ರಲ್ಲಿ ಮೊದಲಿಗೆ ಮಾರುಕಟ್ಟೆಗೆ ತಂದಿತು. ಅದಕ್ಕೆ ಬುನಾದಿ ಹಾಕಿದ ಗುಡ್‌ಇನಫ್, ವಿಟಿಂಗ್‌ಹ್ಯಾಮ್, ಯೊಶಿನೊ ಅವರಿಗೆ 2019ರ ರಸಾಯನಶಾಸ್ತ್ರದ ನೊಬೆಲ್ ಬಂತು, ಆಗ ಗುಡ್‌ಇನಫ್ ಅವರಿಗೆ 97 ವರ್ಷ. ಅಂಥ ತಪಸ್ಸಿನ ಫಲ ನಮ್ಮ ಮೇಜಿನ ಮೇಲಿದೆ. ಅದು ತಡೆಯದಿರುವುದು ಬಿಸಿಯನ್ನು, ಸೊನ್ನೆಗೆ ಇಳಿಸಿ ತಿಂಗಳುಗಟ್ಟಲೆ ಬಿಡುವುದನ್ನು, ಸದಾ ನೂರರಲ್ಲೇ ಇಡುವುದನ್ನು. ಟಚ್‌ಪ್ಯಾಡ್ ಮೇಲೆದ್ದಿದ್ದರೆ, ಕೆಳಗಿನ ಕವಚ ಉಬ್ಬಿದ್ದರೆ ಬ್ಯಾಟರಿ ಊದಿಕೊಂಡಿದೆ. ಅವತ್ತೇ ಬಳಕೆ ನಿಲ್ಲಿಸಿರಿ, ಚಾರ್ಜಿಗೆ ಹಚ್ಚಬೇಡಿರಿ, ಒತ್ತಬೇಡಿರಿ, ಚುಚ್ಚಬೇಡಿರಿ. ಬೆಂಕಿ ಹತ್ತಬಹುದು. ತೆಗೆಸಿದ ಹಳೆಯ ಬ್ಯಾಟರಿಯನ್ನು ಕಸದ ಗಾಡಿಗೆ ಹಾಕಬಾರದು. ತಯಾರಕರೇ ಹಳೆಯ ಬ್ಯಾಟರಿ ಹಿಂದಕ್ಕೆ ಪಡೆಯುವ ಹೊಣೆ ಹೊರಬೇಕೆಂದು 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಹೇಳುತ್ತವೆ.

ಅಂಗಡಿಗೆ ಒಯ್ಯುವ ಮುನ್ನ ನಿಮ್ಮ ನೋಟ್ಸು, ಫೋಟೊಗಳ ಒಂದು ಪ್ರತಿಯನ್ನು ಬೇರೆ ಕಡೆ ಇಟ್ಟುಕೊಳ್ಳಿರಿ. ಚಾರ್ಜರನ್ನೂ ಜೊತೆಗೆ ಒಯ್ಯಿರಿ. ಎರಡು ರಾತ್ರಿಯ ಅಂಕಿ, ಬ್ಯಾಟರಿಯ ವರದಿ, ಯಾವ ಚಾರ್ಜರಿನಲ್ಲಿ ಏನಾಯಿತೆಂಬ ಟಿಪ್ಪಣಿ ಇರುವ ಹಾಳೆಯನ್ನು ಮೇಜಿನ ಮೇಲೆ ಇಡಿರಿ. ಒಳ್ಳೆಯ ಕೆಲಸಗಾರರು ಅದನ್ನು ಕಂಡು ಸಂತೋಷಪಡುತ್ತಾರೆ, ಅವರ ಅರ್ಧ ದಿನ ಉಳಿಯುತ್ತದೆ. ಬದಲಾಯಿಸಿದ ಹಳೆಯ ಭಾಗವನ್ನು ಕೇಳಿ ನೋಡಿರಿ, ಬಿಲ್ಲು ಪಡೆಯಿರಿ. ಕೆಟ್ಟ ವಸ್ತುವನ್ನು ದುರಸ್ತಿ ಮಾಡಿಸಿಕೊಳ್ಳುವುದು ಗ್ರಾಹಕರ ಹಕ್ಕು ಎಂಬ ವಿಚಾರ ಈಗ ನಮ್ಮ ದೇಶದಲ್ಲೂ ಬೇರೂರುತ್ತಿದೆ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲಿ ಇದಕ್ಕಾಗಿ ಒಂದು ಸಮಿತಿ ಮಾಡಿತು, ಅದೇ ವರ್ಷ ಡಿಸೆಂಬರ್ 24ರ ರಾಷ್ಟ್ರೀಯ ಗ್ರಾಹಕರ ದಿನದಂದು ದುರಸ್ತಿಯ ಹಕ್ಕಿನ ಜಾಲತಾಣವನ್ನು ತೆರೆಯಿತು.

ದುರಸ್ತಿಯ ಅಂಗಡಿ ನಡೆಸುವ ಬಂಧುಗಳಲ್ಲಿ ನನ್ನದೊಂದು ವಿನಂತಿ. ಬ್ಯಾಟರಿ ಕೆಟ್ಟಿದೆ, ಬೋರ್ಡು ಕೆಟ್ಟಿದೆ ಎಂದು ಹೇಳುವ ಮೊದಲು ಆ ಹುಡುಗಿಯನ್ನು, ಆ ಹುಡುಗನನ್ನು ಹತ್ತಿರ ಕರೆದು ಮೀಟರಿನ ಅಂಕಿ ತೋರಿಸಿರಿ. ಪರೀಕ್ಷೆ ಹತ್ತಿರ ಬಂದಿರುವವರ ಯಂತ್ರವನ್ನು ಸಾಧ್ಯವಾದರೆ ಮೊದಲು ಕೈಗೆತ್ತಿಕೊಳ್ಳಿರಿ. ಕೇಳುಗರೆ, ನಿಮಗೆ ಮೋಸವಾಗಿದೆ ಅನಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915.